ತಲೆಯಾಡಿಸಿದ್ದು ಯಾವ ಕಡೆಗೆ

ಲೋಮ್,
ಅಕ್ಟೋಬರ್ 9, 2003

ಪ್ರೀತಿಯ ಗೆಂಚೊ,

ನೀನೂ ರಾಯ್ನಾಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ದ್ರಾಕ್ಷಿ ಕೊಯ್ಲೇ ಮುಗಿದುಹೋಯಿತು. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬರೆಯುವುದಕ್ಕೆ ಮೊದಲು ಕೂರಬೇಕಲ್ಲ, ಆ ಕೂರುವುದೇ ಕಷ್ಟವಾಗಿತ್ತು ಮಾರಾಯ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ಎಡಗಿವಿ ನಾವಿಬ್ಬರೂ ದುಡಿದ ಸರಕುದೋಣಿಯ ಎಂಜಿನ್ ಕೋಣೆಯಲ್ಲೇ ಹೋಯಿತು, ಬಲಗಿವಿ ಪಿಂಚಣಿ ಶುರುವಾದ ಮೇಲೆ ಹೋಯಿತು. ಮೂತ್ರದ ವಿಷಯವನ್ನು ನಾನು ಇಲ್ಲಿಂದ ಕಿರುಚಿ ಹೇಳಿದರೆ ನಿನಗಿಂತ ಮೊದಲು ನಮ್ಮ ಬೀದಿಯವರು ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಕಾಗದ.

ನಿನಗೂ ಪ್ರಾಸ್ಟೇಟ್ ಗ್ರಂಥಿ ಊದಿದೆ, ಕೊಯ್ಯಿಸಿಕೋ ಎನ್ನುತ್ತಿದ್ದಾರೆ, ಮುಚ್ಚುಮರೆಯಿಲ್ಲದೆ ಬರಿ ಎಂದು ಕೇಳಿದ್ದೀಯ. ಬರೆಯುತ್ತೇನೆ. ಮೊದಲಿಗೆ, ಹೊಟ್ಟೆ ಕೊಯ್ಯುವುದಿಲ್ಲ, ಹೆದರಬೇಡ. ಬೆನ್ನಿಗೊಂದು ಸೂಜಿ ಚುಚ್ಚುತ್ತಾರೆ. ಸೊಂಟದಿಂದ ಕೆಳಗಿನದು ನಿನ್ನದೋ ಪಕ್ಕದ ಮನೆಯವನದೋ ತಿಳಿಯುವುದಿಲ್ಲ. ಆಮೇಲೆ ಮೂತ್ರದ ದಾರಿಯಲ್ಲೇ ಸಲಾಕೆ ತೂರಿಸಿ, ಒಳಗೆ ಅಡ್ಡ ಬೆಳೆದದ್ದನ್ನು ಕೆರೆದು ಕೆರೆದು ತೆಗೆಯುತ್ತಾರೆ. ಎಚ್ಚರವಾಗಿಯೇ ಇರುತ್ತೀಯ. ನನಗಂತೂ ಡಾಕ್ಟರು ನರ್ಸಮ್ಮನ ಜೊತೆ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುವ ಬಗೆಯನ್ನು ಚರ್ಚಿಸಿದ್ದು ಪೂರಾ ಕೇಳಿಸಿತು.

ಕಷ್ಟವೆಲ್ಲ ಆಮೇಲಿನದು. ಪೈಪು ಹಾಕಿರುತ್ತಾರೆ. ಒಂದು ಕಡೆಯಿಂದ ನೀರು ಒಳಕ್ಕೆ ಹೋಗಿ ತೊಳೆದುಕೊಂಡು ಇನ್ನೊಂದು ಕಡೆಯಿಂದ ಚೀಲಕ್ಕೆ ಬೀಳುತ್ತದೆ. ಮೊದಲು ಕೆಂಪು ದ್ರಾಕ್ಷಾರಸದ ಬಣ್ಣ, ಬರಬರುತ್ತ ತಿಳಿ. ಪೈಪು ಎಳೆದು ತೆಗೆದ ಮೇಲೆ ಮೊದಲ ಸಲ ಹೋದಾಗ ಮೆಣಸಿನಪುಡಿ ಹಾಕಿದ ಹಾಗೆ ಉರಿಯಿತು. ಆದರೆ ಧಾರೆ, ಗೆಂಚೊ! ಇಪ್ಪತ್ತು ವರ್ಷದ ಹುಡುಗನ ಧಾರೆ. ವರ್ಷಗಟ್ಟಲೆ ಗೋಡೆ ನೋಡಿಕೊಂಡು ತೊಟ್ಟು ತೊಟ್ಟಿಗೆ ಕಾದು ನಿಂತವನಿಗೆ ಕಣ್ಣಲ್ಲಿ ನೀರೇ ಬಂತು. ಆದರೆ ಆ ಧಾರೆಗೆ ಲಗಾಮಿಲ್ಲ. ಕೆಮ್ಮಿದರೆ ಸೋರುತ್ತದೆ, ನಕ್ಕರೆ ಸೋರುತ್ತದೆ. ಹಸುಗೂಸಿಗೆ ಕಟ್ಟುವ ಹಾಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಇದು ಸರಿಹೋಗುತ್ತದಂತೆ, ಒಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ ಮಾಡಬೇಕಂತೆ. ನೀರು ಚೆನ್ನಾಗಿ ಕುಡಿಯಬೇಕು, ಭಾರ ಎತ್ತಬಾರದು, ಸೈಕಲ್ ಬೇಡ, ಕಕ್ಕಸಿನಲ್ಲಿ ತಿಣುಕಬಾರದು, ರಕಿಯಾ ಸಾರಾಯಿಯನ್ನು ಸದ್ಯಕ್ಕೆ ಮೂಸಿಯೂ ನೋಡಬಾರದು.

ಇಷ್ಟು ನಿನಗೆ ಬೇಕಾದ ಸಂಗತಿ. ಇನ್ನು ನನ್ನ ಸಂಗತಿ ಕೇಳು, ಯಾಕೆಂದರೆ ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ. ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ.

ಕೆರೆದು ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರೆ, ಅದರಲ್ಲಿ ಕೆಟ್ಟದ್ದು ಇದೆಯೋ ಇಲ್ಲವೋ ನೋಡುವುದಕ್ಕೆ. ನಮ್ಮ ಡಾಕ್ಟರು ಬೊಯಾಜೀವ್ ಅಂತ, ವಿಯೆನ್ನಾದಲ್ಲಿ ಬಹಳ ವರ್ಷ ಇದ್ದು ಈಚೆಗೆ ಊರಿಗೆ ಬಂದವನು. ಗಡ್ಡ ನೀಟು, ಮಾತು ನೀಟು, ಪೂರ್ತಿ ಪರದೇಶದ ಕಳೆ. ಆಪರೇಷನ್ನಿಗೆ ಮೊದಲು ನೂರೆಂಟು ಪ್ರಶ್ನೆ ಕೇಳಿದ. ಹೃದಯ ಹೇಗಿದೆ, ಸಕ್ಕರೆ ಇದೆಯಾ, ಯಾವ ಮಾತ್ರೆ ನುಂಗುತ್ತೀರಿ; ಮಗಳ ಎದುರು ಕೇಳಬಾರದ್ದನ್ನೂ ಕೇಳಿದ. ಮನೆಗೆ ಕಳಿಸುವ ದಿನ ಅವನು ಹಾಸಿಗೆಯ ಹತ್ತಿರ ಬಂದಾಗ ನಾನು ನೇರವಾಗಿ ಕೇಳಿದೆ: "ಡಾಕ್ಟ್ರೇ, ಪರೀಕ್ಷೆಲಿ ಆ ಕೆಟ್ಟದ್ದೇನಾದ್ರೂ ಸಿಕ್ತಾ?"

ಅವನಿಗೆ ಅವಸರ. ಬಾಯಿ ಬಿಡಲಿಲ್ಲ. ತಲೆಯನ್ನು ಮೇಲಕ್ಕೂ ಕೆಳಕ್ಕೂ ಎರಡು ಸಲ ಆಡಿಸಿ, ನನ್ನ ಕಾಲು ತಟ್ಟಿ, ಹೊರಟುಹೋದ.

ಈಗ ನೀನೇ ಹೇಳು. ನಮ್ಮಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ಇಲ್ಲ ಎಂದರ್ಥ, ಅಡ್ಡಡ್ಡ ಆಡಿಸಿದರೆ ಹೌದು. ಹಾಗಾದರೆ ಕೆಟ್ಟದ್ದು ಸಿಗಲಿಲ್ಲ, ನಾನು ಬದುಕಿದೆ. ಆದರೆ ವಿಯೆನ್ನಾದಲ್ಲಿ ಎಲ್ಲ ಉಲ್ಟಾ ಅಲ್ಲವೇನಯ್ಯ! ದೋಣಿ ಗಡಿ ದಾಟಿ ಡಾನ್ಯೂಬ್ ನದಿಯ ಮೇಲ್ಭಾಗಕ್ಕೆ ಹೋದ ಕೂಡಲೇ ನಾವೂ ತಲೆ ಬದಲಾಯಿಸಿಕೊಳ್ಳುತ್ತಿರಲಿಲ್ಲವೇ? ಮೊದಲ ಸಲ ಹೋದಾಗ, ಬಿಯರ್ ಬೇಕಾ ಎಂದು ಕೇಳಿದವನಿಗೆ ನೀನು ನಮ್ಮೂರಿನ ಹಾಗೆ ಅಡ್ಡಡ್ಡ ಆಡಿಸಿ, ಸಂಜೆಯೆಲ್ಲ ಬಾಯಿ ಒಣಗಿಸಿಕೊಂಡು ಕೂತಿದ್ದೆ. ಅಷ್ಟು ವರ್ಷ ಅಲ್ಲಿದ್ದ ಈ ಬೊಯಾಜೀವ್ ನನ್ನೆದುರು ಆಡಿಸಿದ್ದು ಯಾವ ತಲೆ? ನಮ್ಮೂರಿನದೋ ವಿಯೆನ್ನಾದ್ದೋ?

ಬಾಯಿಬಿಟ್ಟು ಕೇಳು ಅನ್ನಬೇಡ. ನಮ್ಮ ಜನ ಕಾಯಿಲೆಯವನಿಗೆ ನಿಜ ಹೇಳುತ್ತಾರೆಯೇ? ನಮ್ಮ ಕ್ಯಾಪ್ಟನ್ ತನಗೆ ಹೊಟ್ಟೆಹುಣ್ಣು ಅಂದುಕೊಂಡೇ ಸತ್ತ. ಬಂದರಿನ ಬೆಕ್ಕಿಗೂ ಅದು ಏನೆಂದು ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಇಲ್ಲಿ ಡಾಕ್ಟರು ಹೆಂಡತಿಯನ್ನು ಕರೆದು ಹೇಳುತ್ತಾನೆ, ಹೆಂಡತಿ ಕಣ್ಣೊರೆಸಿಕೊಂಡು ಒಳಗೆ ಬಂದು ಏನಿಲ್ಲ ಅನ್ನುತ್ತಾಳೆ. ನನ್ನ ಪಕ್ಕದ ಹಾಸಿಗೆಯಲ್ಲಿದ್ದ ಮುದುಕ ಮೆತೋದಿ ಹೇಳಿದ, "ನೋಡು ವೆಲ್ಕೊ, ಹೆಂಡತಿ ಬೈಯೋದು ನಿಲ್ಲಿಸಿದ್ಲು ಅಂದ್ರೆ ನಿನ್ನ ಕಥೆ ಮುಗೀತು ಅಂತ ತಿಳ್ಕೋ."

ಗೆಂಚೊ, ಸ್ಲಾವ್ಕಾ ಬೈಯುವುದನ್ನು ನಿಲ್ಲಿಸಿದ್ದಾಳೆ.

ನೀನು ಅವಳನ್ನು ಬಲ್ಲೆ. ಮೂವತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ಸೋಮಾರಿ ಕತ್ತೆ ಅನ್ನದ ದಿನ ಇದ್ದರೆ ಅದು ನಾನು ದೋಣಿಯ ಮೇಲಿದ್ದ ದಿನ. ಈಗ "ಊಟ ಮಾಡು ವೆಲ್ಕೊ", "ಶಾಲು ಹೊದ್ಕೋ ವೆಲ್ಕೊ". ನೆಲದ ಮೇಲೆ ಮಣ್ಣಿನ ಬೂಟು ಹಾಕಿಕೊಂಡೇ ನಡೆದುನೋಡಿದೆ. ಸುಮ್ಮನೆ ಬಂದು ಒರೆಸಿದಳು. ಚೀಸ್ ಹಾಕಿದ ಪದರದ ರೊಟ್ಟಿಯನ್ನು ವಾರದಲ್ಲಿ ಎರಡು ಸಲ ಬೇಯಿಸಿದಳು. ಹಬ್ಬಕ್ಕೂ ಗೋಗರೆಯಬೇಕಾಗಿದ್ದ ಹೆಂಗಸು! ಆಸ್ಪತ್ರೆಯಿಂದ ಬಂದ ದಿನವೇ ತನ್ನ ಹಾಸಿಗೆಯನ್ನು ಚಿಕ್ಕ ಕೋಣೆಗೆ ಸಾಗಿಸಿಕೊಂಡಳು. ಯಾಕೆ ಎಂದರೆ, "ನಿಂಗೆ ಎದ್ದೆದ್ದು ಹೋಗೋಕೆ ಅನುಕೂಲ ಅಲ್ವಾ" ಅಂದಳು. ಅನುಕೂಲ ಯಾರಿಗೆ? ಸಾಯುವವನ ಪಕ್ಕ ಮಲಗಲು ಅವಳಿಗೆ ಭಯ, ಅಷ್ಟೇ.

ಇನ್ನೊಂದು ಹೇಳುತ್ತೇನೆ. ಮಗಳು ದಿಲ್ಯಾನಾ ವಿದಿನ್‌ನಿಂದ ಬಂದಿದ್ದಳು. ಹೊರಡುವಾಗ ಮೆಲ್ಲಗೆ, "ಅಪ್ಪ, ನಿಂದೊಂದು ಒಳ್ಳೆ ಫೋಟೊ ಇದ್ಯಾ? ಟೈ ಕಟ್ಟಿರೋದು?" ಅಂತ ಕೇಳಿದಳು. ಟೈ ಕಟ್ಟಿದ ಮುದುಕನ ಫೋಟೊ ಈ ದೇಶದಲ್ಲಿ ಯಾತಕ್ಕೆ ಬೇಕಾಗುತ್ತದೆ? ಕಪ್ಪು ಅಂಚಿನ ಕಾಗದದ ಮೇಲೆ ಅಚ್ಚು ಹಾಕಿಸಿ ಗೇಟಿಗೆ ಅಂಟಿಸುವುದಕ್ಕೆ. ನಮ್ಮ ಬೀದಿಯ ಅರ್ಧ ಗೇಟುಗಳಿಂದ ಸತ್ತವರು ಟೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಾರೆ. "ಯಾಕಮ್ಮ?" ಎಂದೆ. "ಸುಮ್ನೆ, ಬೇಕಿತ್ತು" ಅಂದು ತಾಯಿಯ ಮುಖ ನೋಡಿದಳು. ತಾಯಿ ನೆಲ ನೋಡಿದಳು.

ಇದನ್ನೆಲ್ಲ ಕೂಡಿಸಿ ನೋಡು. ನನಗಂತೂ ಉತ್ತರ ಒಂದೇ ಬರುತ್ತಿದೆ.

ರಾಯ್ನಾಗೆ ನಮಸ್ಕಾರ ಹೇಳು. ನಿನ್ನ ಆಪರೇಷನ್ನಿನ ದಿನ ಗೊತ್ತುಮಾಡಿಕೊಳ್ಳಲು ಅವಸರ ಮಾಡಬೇಡ, ನನ್ನ ಕಥೆ ಎಲ್ಲಿ ಮುಟ್ಟುತ್ತದೋ ನೋಡಿಕೋ.

ನಿನ್ನ
ವೆಲ್ಕೊ

ತಾ.ಕ.: ಟೈ ಕಟ್ಟಿದ ಫೋಟೊ ಇತ್ತು. ಒಲೆಗೆ ಹಾಕಿದೆ.


ಲೋಮ್,
ಅಕ್ಟೋಬರ್ 30

ಗೆಂಚೊ,

ನಿನ್ನ ಉತ್ತರ ಕೈಸೇರುವ ಹೊತ್ತಿಗೆ ನಾನು ಮತ್ತೆ ಆಸ್ಪತ್ರೆಯಲ್ಲಿದ್ದೆ. ತಡವಾಯಿತು, ಕ್ಷಮಿಸು. ನಿನಗೆ ನಗು ಬಂತು ಎಂದು ಬರೆದಿದ್ದೀಯ. "ಬೈಗುಳ ತಪ್ಪಿದ್ದಕ್ಕೆ ಅಳುವ ಗಂಡಸನ್ನು ಡಾನ್ಯೂಬ್ ನದಿಯ ಉದ್ದಕ್ಕೂ ಕಂಡಿರಲಿಲ್ಲ" ಅಂತ. ನಗು, ನಗು. ನಿನಗಿನ್ನೂ ಕೊಯ್ದಿಲ್ಲ, ನಕ್ಕರೆ ಸೋರುವುದಿಲ್ಲ.

ಆದದ್ದಿಷ್ಟು. ಇದು ಎಲೆಕೋಸಿನ ಕಾಲ ಅಲ್ಲವೇ, ಸ್ಲಾವ್ಕಾ ಚಳಿಗಾಲಕ್ಕೆಂದು ಪೀಪಾಯಿಯಲ್ಲಿ ಕೋಸು ತುಂಬಿ ಉಪ್ಪುನೀರು ಹಾಕಿ ಇಟ್ಟಿದ್ದಳು. ಅದರ ಮೇಲೆ ಒತ್ತುಗಲ್ಲು ಇಡಬೇಕು. ನೀನು ನೋಡಿದ್ದೀಯ ಆ ಕಲ್ಲನ್ನು, ಬಂದರಿನಿಂದ ನಾವಿಬ್ಬರೂ ಹೊತ್ತು ತಂದದ್ದು. ನನಗೆ ಒಂದು ಯೋಚನೆ ಬಂತು. ಭಾರ ಎತ್ತಬಾರದೆಂದು ಡಾಕ್ಟರು ಅವಳೆದುರೇ ಹೇಳಿದ್ದಾನೆ. ನಾನು ಬದುಕುವವನೇ ಆಗಿದ್ದರೆ, ಕಲ್ಲಿಗೆ ಕೈ ಹಾಕಿದ ಕೂಡಲೇ ಅವಳು ಬೀದಿಗೆ ಕೇಳುವ ಹಾಗೆ ಬೈಯಬೇಕು. ಸಾಯುವವನಾಗಿದ್ದರೆ ಬೈಯುವುದಿಲ್ಲ. ಬಾಯಿಬಿಟ್ಟು ಕೇಳುವುದಕ್ಕಿಂತ ಇದು ಒಳ್ಳೆಯ ಪರೀಕ್ಷೆ ಅನ್ನಿಸಿತು.

ಅವಳು ನೋಡಲಿ ಎಂದು ಕೆಮ್ಮಿದೆ. ನೋಡಿದಳು. ಕಲ್ಲಿಗೆ ಕೈ ಹಾಕಿದೆ.

"ಬೇಡ ವೆಲ್ಕೊ" ಅಂದಳು.

"ಎತ್ತುತ್ತೀನಿ."

"ನಿನ್ನಿಷ್ಟ. ನಾನು ಹೇಳಿ ನೀನು ಯಾವತ್ತು ಕೇಳಿದೀಯ" ಅಂದು ಕೈ ಒರೆಸಿಕೊಂಡು ಒಳಗೆ ಹೋದಳು.

ದನಿ ಏರಲೇ ಇಲ್ಲ, ಗೆಂಚೊ. ಬದುಕುವವನಲ್ಲ ಎಂದು ಗೊತ್ತಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕಲ್ಲು ಎತ್ತಿ ಪೀಪಾಯಿಯ ಮೇಲೆ ಇಟ್ಟೇಬಿಟ್ಟೆ.

ಊಟವಾದ ಮೇಲೆ ಹೋದರೆ ಬಂದದ್ದೆಲ್ಲ ರಕ್ತ. ಕುರಿಯ ಈಲಿಯ ತುಂಡಿನಂಥ ಹೆಪ್ಪುಗಳು. ಆಮೇಲೆ ಅದೂ ನಿಂತಿತು. ಒಂದು ಹನಿ ಇಲ್ಲ. ಹೆಪ್ಪು ದಾರಿಗೆ ಅಡ್ಡ ಕೂತುಬಿಟ್ಟಿತ್ತು. ಹೊಟ್ಟೆಯ ಕೆಳಗೆ ತಮಟೆಯ ಹಾಗೆ ಬಿಗಿದುಕೊಂಡಿತು. ಬೆವರು, ನಡುಕ. ಬಾಗಿದರೆ ನೋವು, ನೆಟ್ಟಗಾದರೆ ನೋವು. ಸ್ಲಾವ್ಕಾ ನನ್ನ ಮುಖ ನೋಡಿದವಳೇ ಏಪ್ರನ್ ಬಿಚ್ಚದೆ ಪಕ್ಕದ ಮನೆಯವನ ಕಾರು ಹೊರಡಿಸಿದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು. ಗುಂಡಿ ಬಂದಾಗಲೆಲ್ಲ ನಾನು ಡ್ರೈವರನ ಇಡೀ ವಂಶಕ್ಕೆ ಬೈಯುತ್ತಿದ್ದೆ, ಅವಳು ತುಟಿ ಬಿಚ್ಚಲಿಲ್ಲ.

ಮತ್ತೆ ಪೈಪು, ಮತ್ತೆ ತೊಳೆಯುವುದು. ಹೆಪ್ಪು ಹೀರಿ ತೆಗೆದ ಮೇಲೆ ಸ್ವರ್ಗ. ಇದನ್ನು ನೀನು ಚೆನ್ನಾಗಿ ನೆನಪಿಟ್ಟುಕೋ: ಮನೆಗೆ ಬಂದು ವಾರಗಳಾದ ಮೇಲೂ ಒಳಗಿನ ಗಾಯ ಹಸಿಯಾಗಿಯೇ ಇರುತ್ತದೆ. ತಿಣುಕಿದರೆ, ಭಾರ ಎತ್ತಿದರೆ ಹೀಗಾಗಬಹುದು. ಮೂತ್ರ ಪೂರ್ತಿ ನಿಂತುಹೋದರೆ, ಜ್ವರ ಬಂದರೆ, ನಾಳೆ ನೋಡೋಣ ಅನ್ನಬೇಡ, ಆ ಕ್ಷಣವೇ ಓಡು. ಬೊಯಾಜೀವ್ ನನಗೆ ಚೆನ್ನಾಗಿ ಉಗಿದ. "ಯಜಮಾನ್ರೇ, ಕಲ್ಲು ಎತ್ತೋಕೆ ನಿಮಗೇನು ಬಂದಿತ್ತು?" ಅಂತ. ಏನು ಬಂದಿತ್ತೆಂದು ಅವನಿಗೆ ಹೇಗೆ ಹೇಳಲಿ?

ಈಗ ಮುಖ್ಯವಾದದ್ದು. ನಾನು ಮಲಗಿದ್ದ ಕೋಣೆಯ ಬಾಗಿಲಿಗೆ ಗಾಜು ಇದೆ. ಆಚೆ ಸ್ಲಾವ್ಕಾ ಡಾಕ್ಟರನ್ನು ತಡೆದು ನಿಲ್ಲಿಸಿದ್ದು ಕಂಡಿತು. ಏನೋ ಕೇಳಿದಳು. ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತುತ್ತ, ತಲೆ ತಗ್ಗಿಸಿಕೊಂಡು, ಅಂಗಡಿಯಲ್ಲಿ ಸಾಲ ಕೇಳುವವಳ ಹಾಗೆ. ಡಾಕ್ಟರು ನನ್ನ ಕೋಣೆಯ ಕಡೆ ಒಮ್ಮೆ ನೋಡಿದ. ಆಮೇಲೆ ತಲೆಯನ್ನು ಅಡ್ಡಡ್ಡ ಆಡಿಸಿದ, ನಿಧಾನವಾಗಿ. ಅವಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ವಿಯೆನ್ನಾದ ತಲೆಯಾದರೆ ಅವಳು ಕೇಳಿದ್ದು "ಉಳೀತಾರಾ?" ಅಂತ. ನಮ್ಮೂರ ತಲೆಯಾದರೆ ಕೇಳಿದ್ದು "ಅದೇನಾ?" ಅಂತ. ಯಾವ ಕಡೆಯಿಂದ ನೋಡಿದರೂ ನಾನು ಹೋದೆ.

ಒಳಗೆ ಬಂದಾಗ "ಏನಂದ ಡಾಕ್ಟ್ರು?" ಎಂದು ಕೇಳಿದೆ.

"ಏನಿಲ್ಲ" ಅಂದಳು. ಮಾತು ಮಾತಿಗೆ ಸರಿಯಾಗಿ, ಕ್ಯಾಪ್ಟನ್ನನ ಹೆಂಡತಿ ಹೇಳಿದ ಹಾಗೆಯೇ.

ನನ್ನ ಮೀನಿನ ಗಾಳಗಳೂ ಚಿಕ್ಕ ದೋಣಿಯೂ ನಿನಗೆ. ದೋಣಿ ಬಲಗಡೆ ಸ್ವಲ್ಪ ನೀರು ಕುಡಿಯುತ್ತದೆ, ಡಾಂಬರು ಹಾಕಿಸಿಕೋ. ಉಸಿರಿರುವಷ್ಟು ದಿನ ಹೀಗೆ ಹಾಸಿಗೆಯಲ್ಲಿ ಬಿದ್ದುಕೊಂಡು ಊಹಿಸುತ್ತ ಕೂರಲಾರೆ. ಪೈಪು ತೆಗೆದು ಗಾಯ ಮಾಯ್ದ ಮೇಲೆ ತಪಾಸಣೆಗೆ ಒಬ್ಬನೇ ಹೋಗುತ್ತೇನೆ, ಹೆಂಗಸರನ್ನು ಬಿಟ್ಟು. ಹೆಂಗಸರಿಲ್ಲದಾಗ ಅವನು ನನಗೇ ಹೇಳಬೇಕಾಗುತ್ತದೆ.

ನಿನ್ನ
ವೆಲ್ಕೊ

ತಾ.ಕ.: ಈ ಕಾಗದ ಓದಿ ಸ್ಲಾವ್ಕಾಗೆ ಏನೂ ಬರೆಯಬೇಡ. ರಾಯ್ನಾಳ ಕೈಲೂ ಬರೆಸಬೇಡ.


ಲೋಮ್,
ಡಿಸೆಂಬರ್ 7

ಪ್ರಿಯ ಗೆಂಚೊ,

ನಿನ್ನೆ ಸಂತ ನಿಕೋಲನ ಹಬ್ಬ. ನದಿಯವರ ಹಬ್ಬದ ದಿನ ನಿನಗೆ ಬರೆಯಲಿಲ್ಲ, ಕ್ಷಮಿಸು. ಮೀನು ಬೇಯಿಸಿದ್ದೆವು, ನಿನ್ನ ಹೆಸರು ಹೇಳಿ ಒಂದು ಚಿಕ್ಕ ಗ್ಲಾಸು ರಕಿಯಾವನ್ನೂ ಎತ್ತಿದೆ, ಡಾಕ್ಟರ ಅಪ್ಪಣೆ ಪಡೆದೇ. ಹೌದು, ಬದುಕಿದ್ದೇನೆ. ಬದುಕುತ್ತೇನೆ ಕೂಡ. ದೋಣಿಯ ಆಸೆ ಬಿಡು.

ತಪಾಸಣೆಗೆ ಒಬ್ಬನೇ ಹೋದೆ. ಬೊಯಾಜೀವ್ ಧಾರೆ ಹೇಗಿದೆ ಎಂದ. ಚೆನ್ನಾಗಿದೆ ಎಂದೆ. ಸೋರುವುದು? ಕಡಿಮೆಯಾಗಿದೆ, ಜೋರಾಗಿ ಸೀನಿದರೆ ಮಾತ್ರ. "ಮುಂದೆ ಎಂದಾದ್ರೂ ಧಾರೆ ಮತ್ತೆ ಸಣ್ಣ ಆದ್ರೆ ಬನ್ನಿ. ಗಾಯ ಮಾಯೋವಾಗ ದಾರಿ ಕಿರಿದಾಗೋದುಂಟು, ಅಗಲ ಮಾಡಬಹುದು" ಅಂದ. ಇನ್ನೇನು ಎದ್ದೇಳುತ್ತಾನೆ ಅನ್ನುವಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಡಾಕ್ಟ್ರೇ, ಒಂದು ಮಾತು ಕೇಳ್ತೀನಿ. ನೀವು ತಲೆ ಅಲ್ಲಾಡಿಸಬಾರದು. ಬೇಕಿದ್ರೆ ಎರಡೂ ಕೈಲಿ ಹಿಡ್ಕೊಳ್ಳಿ. ಬಾಯಲ್ಲಿ ಹೇಳ್ಬೇಕು. ನಂಗೆ ಆ ಕೆಟ್ಟದ್ದು ಇದೆಯಾ ಇಲ್ವಾ?"

ಅವನು ಬೆರಗಾಗಿ ನೋಡಿದ. "ಇಲ್ಲ ಅಂತ ಅವತ್ತೇ ಹೇಳಿದ್ನಲ್ಲಾ?"

"ಹೇಳಲಿಲ್ಲ. ತಲೆಯಾಡಿಸಿದ್ರಿ. ನಮ್ಮೂರ ತಲೆಯೋ ವಿಯೆನ್ನಾ ತಲೆಯೋ ಗೊತ್ತಾಗಲಿಲ್ಲ."

ಅಷ್ಟು ನೀಟಾದ ಮನುಷ್ಯ ಕುರ್ಚಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಯಜಮಾನ್ರೇ, ನಾನು ಈ ಮಣ್ಣಲ್ಲೇ ಹುಟ್ಟಿದೋನು. ಬಸ್ಸಿಳಿದ ದಿನ ನಮ್ಮಮ್ಮ ಊಟ ಬೇಕಾ ಅಂದ್ಲು, ಮೇಲೆ ಕೆಳಗೆ ಆಡಿಸ್ದೆ, ಅವಳು ತಟ್ಟೆ ಎತ್ತಿಕೊಂಡು ಹೋದ್ಲು. ಅವತ್ತೇ ತಲೆ ವಾಪಸು ಬದಲಾಯಿಸ್ಕೊಂಡೆ. ನಿಮಗೆ ಏನೂ ಇಲ್ಲ. ಬರೀ ವಯಸ್ಸಿಗೆ ಬೆಳೆದ ಗ್ರಂಥಿ. ಪೂರ್ತಿ ಶುದ್ಧ."

ನನಗೆ ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಸಂಶಯದ ಹುಳ ಇನ್ನೂ ಸತ್ತಿರಲಿಲ್ಲ. "ಹಾಗಾದ್ರೆ ನಮ್ಮವಳು ಗಾಜಿನ ಬಾಗಿಲಾಚೆ ನಿಮ್ಮನ್ನ ಏನು ಕೇಳಿ ಅತ್ತಿದ್ದು?"

ಅವನ ನಗು ನಿಂತಿತು. ಪೆನ್ನು ಎತ್ತಿ ಇಟ್ಟ, ಮತ್ತೆ ಎತ್ತಿದ. ಅದು ನಿಮ್ಮವರನ್ನೇ ಕೇಳಬೇಕಾದ್ದು ಎಂದ. ನಾನು ಬಾಗಿಲು ಬಿಡಲಿಲ್ಲ. ಕೊನೆಗೆ ಹೇಳಿದ: "ಆಪರೇಷನ್ನಿಗೆ ಮೊದ್ಲು ನಾನು ಕೇಳಿದ್ನಲ್ಲ, ಗಂಡ ಹೆಂಡತಿ ನಡುವೆ ಆ ಸಂಬಂಧ ಇನ್ನೂ ಇದೆಯಾ ಅಂತ. ನೀವು ಇಲ್ಲ ಅಂದ್ರಿ. ಇಲ್ಲ ಅಂದೋರಿಗೆ ಇನ್ನೇನು ವಿವರಿಸೋದು ಅಂತ ಮುಂದಿನದನ್ನ ನಾನೂ ಹೇಳಲಿಲ್ಲ. ನಿಮ್ಮವರು ಬಾಗಿಲಾಚೆ ಕೇಳಿದ್ದು ಆ 'ಇಲ್ಲ'ದ ಬಗ್ಗೇನೇ. 'ಅವತ್ತು ನಮ್ಮನೆಯವರು ಇಲ್ಲ ಅಂದಿದ್ದು ನಿಮಗೂ ಹಾಗೇ ಅರ್ಥ ಆಯ್ತಾ' ಅಂತ. ನಾನು ಹೌದು ಅಂದೆ."

ಗೆಂಚೊ, ನಾನು ಇಲ್ಲ ಅಂದಿರಲಿಲ್ಲ! ಹೌದು ಅಂದಿದ್ದೆ. ಒಂದು ಕಡೆ ಸ್ಲಾವ್ಕಾ, ಇನ್ನೊಂದು ಕಡೆ ದಿಲ್ಯಾನಾ ಕೂತಿದ್ದರು. ಬೆಳೆದ ಮಗಳ ಎದುರು ಅಂಥದ್ದಕ್ಕೆ ಬಾಯಿ ಹೇಗೆ ಬರುತ್ತದೆ? ಬಾಯಿ ಬರಲಿಲ್ಲ, ತಲೆ ಬಂತು. ಎದುರಿಗೆ ವಿಯೆನ್ನಾದ ಗಡ್ಡ, ಗೋಡೆಯ ಮೇಲೆ ವಿಯೆನ್ನಾದ ಸರ್ಟಿಫಿಕೇಟು. ನನ್ನ ತಲೆ ತಾನಾಗಿಯೇ ಗಡಿ ದಾಟಿಬಿಟ್ಟಿತು. ಹೌದು ಎಂದು ಮೇಲೆ ಕೆಳಗೆ ಆಡಿಸಿದೆ. ಅವನ ಪಾಲಿಗೆ ಅದು ಇಲ್ಲ. ಸ್ಲಾವ್ಕಾಳ ಪಾಲಿಗೂ ಇಲ್ಲ. ಮಗಳ ಪಾಲಿಗೂ ಇಲ್ಲ. ಅವನ ತಲೆ ಯಾವೂರಿನದೆಂದು ಎರಡು ತಿಂಗಳು ತಲೆಕೆಡಿಸಿಕೊಂಡೆ, ನನ್ನದು ಯಾವೂರಿಗೆ ಹೋಗಿತ್ತೆಂದು ಯೋಚಿಸಲೇ ಇಲ್ಲ.

ಆ ಫೋಟೊ ಯಾತಕ್ಕೆಂದೂ ಈಗ ತಿಳಿಯಿತು. ದಿಲ್ಯಾನಾಗೆ ಫೋನು ಮಾಡಿ ಕೇಳಿದೆ. ಮುಂದಿನ ವಸಂತಕ್ಕೆ ನಮ್ಮ ಮದುವೆಯಾಗಿ ನಲವತ್ತು ತುಂಬುತ್ತದಲ್ಲ, ಅವಳು ಎರಡು ಫೋಟೊ ಸೇರಿಸಿ ದೊಡ್ಡದು ಮಾಡಿಸಬೇಕೆಂದಿದ್ದಳು. ತಾಯಿಯೇ ಬೇಡ ಅಂದಳಂತೆ.

ಡಾಕ್ಟರು ಹೇಳದೇ ಬಿಟ್ಟಿದ್ದನ್ನೂ ಹೇಳಿಸಿಕೊಂಡು ಬಂದೆ, ಇದು ನಿನಗೆ ಬೇಕಾದದ್ದು. ಈ ಆಪರೇಷನ್ನಿನಿಂದ ಗಂಡಸುತನ ಹೋಗುವುದು ಅಪರೂಪವಂತೆ. ಆದರೆ ಕೊನೆಯಲ್ಲಿ ಬರಬೇಕಾದದ್ದು ಹೆಚ್ಚಿನವರಿಗೆ ಹೊರಗೆ ಬರುವುದಿಲ್ಲ, ಹಿಂದಕ್ಕೆ ತಿರುಗಿ ಮೂತ್ರಕೋಶಕ್ಕೆ ಹೋಗುತ್ತದೆ, ಆಮೇಲೆ ಮೂತ್ರದ ಜೊತೆ ಹೋಗುತ್ತದೆ. ಅಪಾಯವಿಲ್ಲ, ನೋವಿಲ್ಲ, ಸುಖಕ್ಕೂ ಅಂಥ ಕೊರತೆಯಿಲ್ಲ ಎಂದ. ಗೊತ್ತಿಲ್ಲದವನು ಮಾತ್ರ ತನ್ನ ಕಥೆ ಮುಗಿಯಿತು ಅಂದುಕೊಳ್ಳುತ್ತಾನೆ. ನೀನು ಒಳಗೆ ಹೋಗುವ ಮೊದಲೇ ಇದನ್ನು ಬಾಯಿಬಿಟ್ಟು ಕೇಳು. ರಾಯ್ನಾಳನ್ನು ಪಕ್ಕದಲ್ಲೇ ಕೂರಿಸಿಕೋ. ಮಗನನ್ನು ಹೊರಗೆ ಕಳಿಸು.

ಮನೆಗೆ ಬಂದವನೇ ಸ್ಲಾವ್ಕಾಗೆ ಎಲ್ಲ ಹೇಳಿದೆ. ಈರುಳ್ಳಿ ಹೆಚ್ಚುತ್ತಿದ್ದಳು. ಮೊದಲು ನಂಬಲಿಲ್ಲ. ಆಮೇಲೆ ನೀನು ಬಿಯರಿಲ್ಲದೆ ಕೂತ ಕಥೆಯನ್ನು ನೆನಪಿಸಿದೆ. ಚಾಕು ಕೆಳಗಿಟ್ಟು ನಕ್ಕಳು ನೋಡು, ಕುರ್ಚಿ ಹಿಡಿದುಕೊಂಡು ನಕ್ಕಳು. "ಸೋಮಾರಿ ಕತ್ತೆ, ದೇವರು ಒಂದು ತಲೆ ಕೊಟ್ಟ, ಅದನ್ನೂ ಸರಿಯಾಗಿ ಆಡಿಸೋಕೆ ಬರಲ್ಲ ನಿಂಗೆ" ಅಂದಳು. ಕಿವಿಗೆ ಜೇನು ಸುರಿದ ಹಾಗಾಯಿತು. ಹಾಸಿಗೆಯೂ ದೊಡ್ಡ ಕೋಣೆಗೆ ವಾಪಸು ಬಂತು. ಎಲ್ಲ ಸುಖಾಂತ.

ಆದ್ದರಿಂದ ನೀನು ಹೆದರದೆ ದಿನ ಗೊತ್ತುಮಾಡು. ನದಿ ಕಾಯುವ ಸಂತ ನಿನ್ನನ್ನೂ ಕಾಯಲಿ. ನಿನ್ನ ಧಾರೆ ನೆಟ್ಟಗಿರಲಿ, ರಾಯ್ನಾಳ ನಾಲಿಗೆ ಚುರುಕಾಗಿರಲಿ, ನೀವಿಬ್ಬರೂ ನೂರು ವರ್ಷ ಒಬ್ಬರನ್ನೊಬ್ಬರು ಬೈದುಕೊಂಡು ಬಾಳಿ.

ನಿನ್ನ ಹಳೆಯ ಗೆಳೆಯ
ವೆಲ್ಕೊ

ತಾ.ಕ.: ಗೆಂಚೊ, ಅಂಚೆ ಲಕೋಟೆ ಅಂಟಿಸುವ ಮೊದಲು ಮೇಲಿನದನ್ನು ಓದಿದೆ. ಒಂದು ಸುಳ್ಳು ಬರೆದಿದ್ದೇನೆ. ಹಾಸಿಗೆ ವಾಪಸು ಬಂದಿಲ್ಲ.

ಅವಳು ನಕ್ಕಿದ್ದು ನಿಜ, ಬೈದದ್ದೂ ನಿಜ. ನಗು ಮುಗಿದ ಮೇಲೆ ಮತ್ತೆ ಈರುಳ್ಳಿ ಹೆಚ್ಚುವುದಕ್ಕೆ ಕೂತಳು. ನಾನು, "ಹಾಗಾದ್ರೆ ಹಾಸಿಗೆ ಎತ್ತಿಕೊಂಡು ಬರ್ಲಾ?" ಅಂತ ಕೇಳಿದೆ. ಅವಳು ತಲೆ ಎತ್ತಲಿಲ್ಲ. "ನೀನು ತಪ್ಪಾಗಿ ಆಡಿಸ್ದೆ, ಒಪ್ಪಿದೆ ವೆಲ್ಕೊ. ಆದ್ರೆ ನೋಡು, ನೀನು ಇಲ್ಲ ಅಂದಾಗ ನಂಗೆ ಆಶ್ಚರ್ಯನೇ ಆಗಲಿಲ್ಲ. ಒಂದು ಸಲವಾದ್ರೂ, ಇದೇನು ಇವನು ಹೀಗಂತಾನೆ ಅಂತ ಅನ್ನಿಸಲೇ ಇಲ್ಲ. ಹೌದಲ್ಲ, ನಿಜಾನೇ ಹೇಳ್ದ ಅಂದ್ಕೊಂಡೆ. ನಾನು ಇಷ್ಟು ದಿನ ಅತ್ತಿದ್ದು ಅದಕ್ಕೆ" ಅಂದಳು. ಮಾತು ಮೆತ್ತಗಿತ್ತು, ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೂ ಏನಾದರೂ ಹೇಳಲು ಬರುತ್ತಿತ್ತು.

ನಿನ್ನೆ ಸಂಜೆ ಹಬ್ಬದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಅವಳು ಚಿಕ್ಕ ಕೋಣೆಗೆ ಹೋದ ಮೇಲೆ, ನಾನೂ ಹೋಗಿ ಬಾಗಿಲ ಹೊರಗೆ ನಿಂತೆ. "ಸ್ಲಾವ್ಕಾ" ಅಂತ ಕರೆದೆ.

"ಏನು, ಮತ್ತೆ ರಕ್ತ ಬಂತಾ?" ಎಂದು ಗಾಬರಿಯಿಂದ ಎದ್ದು ಬಂದಳು.

"ಇಲ್ಲ" ಅಂದೆ.

"ಮತ್ತೆ ಯಾಕೆ ಕರೆದೆ?"

ನೀರು ಕುಡಿಯೋಕೆ ಬಂದೆ ಅಂದುಬಿಟ್ಟೆ. ಅವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು, ನಾನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.